ಉರಿಯೂತದ ಅರ್ಥ: ಮೆಚ್ನಿಕಾಫನ ಉಪನ್ಯಾಸಗಳ ವಿಮರ್ಶೆ

‘ಉರಿಯೂತ’ವೆಂಬ ನಮ್ಮ ಪದವು ಉರಿ, ಊತ ಎಂಬ ಎರಡು ಲಕ್ಷಣಗಳನ್ನು ಕೂಡಿಸಿಕೊಂಡಿದೆ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಸೆಲ್ಸಸನು ಕೆಂಪು, ಕಾವು, ಊತ, ನೋವು ಎಂಬ ನಾಲ್ಕನ್ನು ಹೆಸರಿಸಿದ್ದನು. ಇವೆಲ್ಲವೂ ಕಣ್ಣಿಗೆ, ಕೈಗೆ ತೋರುವುದನ್ನು ತಿಳಿಸುತ್ತವೆಯೇ ಹೊರತು ದೇಹವು ಹೀಗೇಕೆ ಮಾಡುವುದೆಂಬುದನ್ನು ತಿಳಿಸುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಲು ಹೊರಟುದು, ರಷ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫನು 1891ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿ ನೀಡಿ ಮರುವರ್ಷ ಪ್ರಕಟಿಸಿದ ಉಪನ್ಯಾಸಮಾಲೆ. ಇತಿಹಾಸದ ವಿದ್ಯಾರ್ಥಿಗಳಿಗೆ ಇದರಲ್ಲೇನು ಕೆಲಸವೆಂದು ಕೇಳಬಹುದು. ಈ ಗ್ರಂಥದ ಗುಣವೂ ಕೊರತೆಯೂ ಕನ್ನಡನಾಡಿನ ಲಸಿಕೆಯ ಚರಿತ್ರೆಯಲ್ಲಿ ಕಾಣಿಸಿಕೊಂಡಿವೆಯೆಂಬುದೇ ನಮ್ಮ ಉತ್ತರ.

ಹಾಲಾಡಿಯ ಗದ್ದೆಯಲ್ಲಿ ಕಾಲಿಗೆ ಮುಳ್ಳು ಹೆಟ್ಟಿಸಿಕೊಂಡವನು ಆ ಜಾಗವು ಕೆಂಪಾಗಿ, ಬಾತು, ಕೀವಾಗುವುದನ್ನು ಬಲ್ಲನು. 1882ರಲ್ಲಿ ಸಿಸಿಲಿಯ ಮೆಸ್ಸಿನದಲ್ಲಿ ಮೆಚ್ನಿಕಾಫನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಮುಳ್ಳು ಚುಚ್ಚಿ, ಮರುದಿನ ಬೆಳಿಗ್ಗೆ ಚಲಿಸುವ ಕಣಗಳು ಅದನ್ನು ಸುತ್ತುವರಿದುದನ್ನು ಕಂಡನು. ಆ ಕಾಲದ ವೈದ್ಯರು ಉರಿಯೂತವನ್ನು ರಕ್ತನಾಳಗಳ ವಿಕಾರವೆಂದೇ ಭಾವಿಸಿದ್ದರು. ನಾಳಗಳೇ ಇಲ್ಲದ ಜೀವಿಯಲ್ಲಿಯೂ ಈ ಕ್ರಿಯೆಯು ನಡೆಯುವುದಾದರೆ, ಅದರ ತಿರುಳು ನಾಳದ ಕೆಡುಕಲ್ಲ, ಕಣಗಳ ರಕ್ಷಣಾಕಾರ್ಯ ಎಂಬುದು ಮೆಚ್ನಿಕಾಫನ ವಾದ. ಕೆಳಮಟ್ಟದ ಜೀವಿಗಳಿಂದ ಮೇಲುಮಟ್ಟದವುಗಳವರೆಗೆ ಹಂತಹಂತವಾಗಿ ಸಾಗುವ ಈ ತೌಲನಿಕ ಕ್ರಮವೇ ಗ್ರಂಥದ ನಿಜವಾದ ಬಲ.

ಆದರೆ ಎರಡು ಕೊರತೆಗಳನ್ನು ಹೇಳದೆ ಇರಲಾಗದು. ರಕ್ತದ ದ್ರವಾಂಶಕ್ಕೆ ವಿಷವನ್ನು ಅಡಗಿಸುವ ಶಕ್ತಿಯಿದೆಯೆಂದು ಬೆಹ್ರಿಂಗ್ ಮತ್ತು ಕಿಟಾಸಾಟೊ 1890ರಲ್ಲಿಯೇ ತೋರಿಸಿದ್ದರೂ ಗ್ರಂಥಕರ್ತನು ಕಣಗಳಿಗೇ ಅಗ್ರಸ್ಥಾನವನ್ನು ಕೊಟ್ಟನು. ದ್ರವಾಂಶವು ರೋಗಾಣುಗಳನ್ನು ಕಣಗಳ ಆಹಾರವಾಗುವಂತೆ ಸಿದ್ಧಪಡಿಸುವುದೆಂದು ರೈಟ್ ಮತ್ತು ಡಗ್ಲಸ್ 1903ರಲ್ಲಿ ತೋರಿಸಿದ ಮೇಲೆ ಎರಡು ಪಕ್ಷಗಳೂ ಹತ್ತಿರವಾದುವು. 1908ರ ನೊಬೆಲ್ ಪಾರಿತೋಷಕವು ಮೆಚ್ನಿಕಾಫನಿಗೂ ದ್ರವಪಕ್ಷದ ಎರ್ಲಿಕನಿಗೂ ಜಂಟಿಯಾಗಿ ಸಂದುದು ಉಚಿತವೇ ಆಗಿತ್ತು. ಎರಡನೆಯದಾಗಿ, ಕಾಯುವ ಕಣಗಳೇ ಕೆಡಿಸಲೂ ಬಲ್ಲವು. ಆಮವಾತದಲ್ಲಿ ಅವು ಸ್ವಂತ ಕೀಲುಗಳನ್ನೇ ಸವೆಯಿಸುತ್ತವೆ. ಈ ರಕ್ಷಣೆಯು ಪರಿಪೂರ್ಣವಲ್ಲವೆಂದು ಮೆಚ್ನಿಕಾಫನು ಅರಿತಿದ್ದನು. ಮುಂದೆ ಮುಪ್ಪಿಗೂ ಇದೇ ಕಣಗಳು ಕಾರಣವೆಂದನು. ಮುಳ್ಳಿನ ಕಥೆಯನ್ನು ಕೇವಲ ವಿಜಯಗಾಥೆಯಾಗಿ ಹೇಳುವವರು ಈ ಎಚ್ಚರವನ್ನು ಕೈಬಿಟ್ಟಿದ್ದಾರೆ.

ಅದರ ಪರಿಣಾಮವನ್ನು ನಮ್ಮ ನಾಡಿನಲ್ಲಿ ನೋಡಬಹುದು. ಒಡೆಸ್ಸದಲ್ಲಿ ಮೆಚ್ನಿಕಾಫನ ಶಿಷ್ಯನಾಗಿದ್ದ ಹಾಫ್ಕಿನನು 1897ರ ಜನವರಿ 10ರಂದು ಮುಂಬಯಿಯಲ್ಲಿ ತಾನು ಸಿದ್ಧಪಡಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಸಿಕೊಂಡನು. 1898ರಲ್ಲಿ ಹುಬ್ಬಳ್ಳಿಯ ಜನರಿಗೆ ಅದನ್ನು ವ್ಯಾಪಕವಾಗಿ ಹಾಕಲಾಯಿತು. ಚುಚ್ಚಿದ ಮೇಲೆ ಬರುವ ಜ್ವರವನ್ನೇ ಹಾಫ್ಕಿನನು ಲಸಿಕೆಯ ಪ್ರಮಾಣಕ್ಕೆ ಅಳತೆಗೋಲಾಗಿಸಿಕೊಂಡಿದ್ದನು. ದೇಹವು ಎಚ್ಚತ್ತಿದೆಯೆಂಬುದಕ್ಕೆ ಜ್ವರವು ಸೂಚನೆಯಾಗಬಹುದು. ಆದರೆ ಜ್ವರದಷ್ಟೇ ರಕ್ಷಣೆಯೆಂಬುದು ಸಿದ್ಧವಾದ ಮಾತಲ್ಲ. ಹುಬ್ಬಳ್ಳಿಯಲ್ಲಿ ಲಸಿಕೆಗೆ ಬೆಲೆ ತಂದುದು ಜ್ವರವಲ್ಲ, ಹಾಕಿಸಿಕೊಂಡವರ ಮತ್ತು ಹಾಕಿಸಿಕೊಳ್ಳದವರ ಸಾವುಗಳ ಎಣಿಕೆ.

ಹಾಲಾಡಿಯಿಂದ ಪೂರ್ವಕ್ಕೆ ಘಟ್ಟವನ್ನು ಹತ್ತಿದರೆ ಶಿವಮೊಗ್ಗ ಜಿಲ್ಲೆ. ಅಲ್ಲಿನ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣಿಗಳಿಂದ ಹರಡಿ, ತಗುಲಿದವರಲ್ಲಿ ನೂರಕ್ಕೆ 3ರಿಂದ 5 ಮಂದಿಯನ್ನು ಬಲಿತೆಗೆದುಕೊಳ್ಳುವುದು. ಅದಕ್ಕಾಗಿ ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಗೆ ಒಂದೇ ಚುಚ್ಚು ಸಾಲದಾಗಿತ್ತು. ಚುಚ್ಚಿದ ಜಾಗದ ನೋವಿಗೆ ಅಂಜಿ ಮುಂದಿನ ಚುಚ್ಚುಗಳನ್ನು ಬಿಟ್ಟವರು ಅನೇಕರು. ಊತವೆಂದರೆ ರೋಗವೆಂದೇ ತಿಳಿದವರಿಗೆ ಲಸಿಕೆಯೂ ಒಂದು ರೋಗವಾಗಿ ತೋರುವುದು ಸಹಜ. ಊತವೇ ರಕ್ಷಣೆಯೆಂದು ತಿಳಿದವರು ನೋಯದ ಲಸಿಕೆಯನ್ನು ನಂಬಲಾರರು.

ಆದುದರಿಂದ ತರಗತಿಯಲ್ಲಿ ಮೆಚ್ನಿಕಾಫನ ಮುಳ್ಳನ್ನು ಹೇಳುವಾಗ ಆತನ ಸಂಶಯವನ್ನೂ ಹೇಳಬೇಕೆಂಬುದು ನಮ್ಮ ಅಭಿಪ್ರಾಯ. ಉರಿಯೂತವು ಶತ್ರುವೂ ಅಲ್ಲ, ದೇವತೆಯೂ ಅಲ್ಲ. ಅದು ಅಳತೆಯಲ್ಲಿರಬೇಕಾದ ಒಂದು ಕಾರ್ಯ. ಇಷ್ಟನ್ನು ತಿಳಿಸಿದರೆ ವಿಜ್ಞಾನದ ಚರಿತ್ರೆಯು ಊರಿನ ಆರೋಗ್ಯಕ್ಕೂ ಒದಗುವುದು.