ಇಪ್ಪತ್ತು ಟೆರಾಫ್ಲಾಪ್ ಎಲ್ಲಿ ಹೋಯಿತು?

ಗ್ರಾಫಿಕ್ಸ್ ಕಾರ್ಡನ್ನು ಟೆರಾಫ್ಲಾಪ್‌ನಿಂದಲೇ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಎಂಬುದರಿಂದಲೇ) ಅಳೆಯುವ ಪಂಥದವರು ಮತ್ತೆ ತಲೆಯೆತ್ತಿದ್ದಾರೆ, ಅವರ ಹಳೆಯ ಬಾಕಿ ತೀರಿಸುವುದು ಮೊದಲ ಕೆಲಸ.

ಅವರ ವಾದ ಸರಳ. ಆರ್‌ಟಿಎಕ್ಸ್ 2080 ಟಿಐ: 4352 ಕೋರ್, 1545 ಮೆಗಾಹರ್ಟ್ಸ್, ಹೆಚ್ಚೂಕಡಿಮೆ 13.4 ಟೆರಾಫ್ಲಾಪ್. ಆರ್‌ಟಿಎಕ್ಸ್ 3070: 5888 ಕೋರ್, 1725 ಮೆಗಾಹರ್ಟ್ಸ್, 20.3 ಟೆರಾಫ್ಲಾಪ್. ಕೋರ್ ಸಂಖ್ಯೆಯನ್ನು ಕ್ಲಾಕ್‌ನಿಂದ ಗುಣಿಸಿ, ಒಂದು ಕೋರ್ ಸಲಕ್ಕೆ ಒಂದು ಗುಣಾಕಾರ, ಒಂದು ಸಂಕಲನ ಮಾಡುವುದರಿಂದ ಮತ್ತೆ ಎರಡರಿಂದ ಗುಣಿಸಿದ ಲೆಕ್ಕ ಇದು. ಅಂದರೆ ಒಂದೂವರೆ ಪಟ್ಟು. ಅಲ್ಲಿಗೆ ಚರ್ಚೆ ಮುಗಿಯಿತಂತೆ.

ಮುಗಿಯಲಿಲ್ಲ. 2020ರ ಸೆಪ್ಟೆಂಬರ್ 1ರಂದು ಎನ್‌ವಿಡಿಯಾದ ಜೆನ್ಸನ್ ಹುವಾಂಗ್ ತಮ್ಮ ಅಡುಗೆಮನೆಯಲ್ಲಿ ನಿಂತು, 499 ಡಾಲರ್‌ನ 3070 ಹಳೆಯ ರಾಜನಿಗಿಂತ ವೇಗ ಎಂದು ಸಾರಿದರು. ಅದನ್ನು ಕೇಳಿ ಸಾವಿರ ಡಾಲರ್ ತೆತ್ತು 2080 ಟಿಐ ಕೊಂಡಿದ್ದ ಎಷ್ಟೋ ಮಂದಿ ಗಾಬರಿಯಾಗಿ ಅರ್ಧ ಬೆಲೆಗೆ ಮಾರಿಕೊಂಡರು. ಅಕ್ಟೋಬರ್ ಕೊನೆಗೆ 3070 ಅಂಗಡಿಗೆ ಬಂತು. ಆಟಗಳಲ್ಲಿ ಅಳೆದು ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ. ಒಂದು ಆಟದಲ್ಲಿ 3070 ಎರಡು ಹೆಜ್ಜೆ ಮುಂದೆ, 4ಕೆಗೆ ಹೋದರೆ ಕೆಲವು ಕಡೆ 2080 ಟಿಐ ಮುಂದೆ. ಕಾಗದದ ಮೇಲಿದ್ದ ಆ ಏಳು ಟೆರಾಫ್ಲಾಪ್ ಎಲ್ಲಿ ಕರಗಿತು?

ಇಷ್ಟಕ್ಕೇ ಎದುರು ಪಂಥದವರು ಹಿಗ್ಗುವುದು ಬೇಡ. 'ಕೋಷ್ಟಕವೆಲ್ಲ ಬೂಟಾಟಿಕೆ, ಆಡಿ ನೋಡಿದ ಎಫ್‌ಪಿಎಸ್ ಒಂದೇ ಸತ್ಯ' ಎನ್ನುವ ಅವರ ಸೋಮಾರಿತನದ ಮೇಲೂ ನನಗೆ ಸಿಟ್ಟಿದೆ. ಉತ್ತರ ಕಾಗದದಲ್ಲೇ ಇದೆ, ಆದರೆ ಅದಕ್ಕೆ ಪೆಟ್ಟಿಗೆಯ ಮೇಲಿನ ಪಟ್ಟಿ ಸಾಲದು. 2018ರಲ್ಲಿ ಎನ್‌ವಿಡಿಯಾವೇ 2080 ಟಿಐಯ ಟ್ಯೂರಿಂಗ್ ವಿನ್ಯಾಸದ ಬಗ್ಗೆ ಹೊರತಂದ ಶ್ವೇತಪತ್ರ ನೋಡಿ. ಆಟಗಳ ಶೇಡರ್‌ಗಳಲ್ಲಿ ಪ್ರತಿ 100 ಫ್ಲೋಟಿಂಗ್ ಪಾಯಿಂಟ್ ಸೂಚನೆಗಳ ಜೊತೆ ಸರಾಸರಿ 36 ಪೂರ್ಣಾಂಕ ಸೂಚನೆಗಳು ಬರುತ್ತವೆ ಎಂದು ಅಲ್ಲಿದೆ. ಟ್ಯೂರಿಂಗ್‌ನ ಪ್ರತಿ ಎಸ್‌ಎಮ್‌ನಲ್ಲಿ, ಅಂದರೆ ಕೋರ್‌ಗಳ ಒಂದೊಂದು ಗುಂಪಿನಲ್ಲಿ, 64 ಫ್ಲೋಟ್ ಕೋರ್‌ಗಳಿಗೆ ಜೊತೆಯಾಗಿ 64 ಪೂರ್ಣಾಂಕದ ಕೋರ್‌ಗಳು ಬೇರೆಯೇ ಇದ್ದವು. ಪಟ್ಟಿಯ ಎಣಿಕೆಗೆ ಅವು ಸೇರುತ್ತಿರಲಿಲ್ಲ. 3070ಯ ಆಂಪಿಯರ್ ವಿನ್ಯಾಸ ಮಾಡಿದ ಜಾಣತನವೆಂದರೆ ಆ ಎರಡನೇ ಅರವತ್ನಾಲ್ಕಕ್ಕೂ ಫ್ಲೋಟ್ ಲೆಕ್ಕ ಕಲಿಸಿ, 128 ಎಂದು ಬರೆದುಕೊಂಡದ್ದು. ಪೂರ್ಣಾಂಕದ ಕೆಲಸ ಬಂದಾಗ ಆ ಅರ್ಧವೇ ಅದನ್ನೂ ಮಾಡಬೇಕು.

ಈಗ ಪೆನ್ಸಿಲ್ ಹಿಡಿಯಿರಿ. 100 ಜೊತೆಗೆ 36, ಒಟ್ಟು 136. 3070ಯ 5888 ಕೋರ್‌ಗಳನ್ನು 1.36ರಿಂದ ಭಾಗಿಸಿದರೆ ಫ್ಲೋಟ್‌ಗೆ ಉಳಿಯುವುದು 4329. 2080 ಟಿಐ ಬಳಿ ಇರುವುದು 4352. ಇಂಥ ಭಾಗಾಕಾರ ಹೊಂದಿದ ದಿನ ನನಗೆ ಎರಡು ಲೋಟ ಕಾಫಿ ಹೆಚ್ಚು ರುಚಿಸುತ್ತದೆ.

ಕ್ಲಾಕ್‌ನ ಲಾಭ 3070ಗೆ ಇನ್ನೂ ಉಳಿದಿದೆಯಲ್ಲ ಎಂದು ಕೇಳುವವರಿಗೆ ನನ್ನ ನೆಚ್ಚಿನ ಗ್ರಂಥದ ಕಡೆ ಬೆರಳು ತೋರಿಸಬೇಕು. ಬರ್ಕ್ಲಿಯ ಸ್ಯಾಮ್ಯುಯೆಲ್ ವಿಲಿಯಮ್ಸ್, ಆಂಡ್ರ್ಯೂ ವಾಟರ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ 2009ರಲ್ಲಿ ಬರೆದ 'ರೂಫ್‌ಲೈನ್' ಪ್ರಬಂಧ ಅದು. ಮೂಲತಃ ಸಿಪಿಯುಗಳಿಗೆ ಬರೆದದ್ದು, ಆದರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಪಾಠ ಇನ್ನೂ ಬಂದಿಲ್ಲ. ಅದು ಹೇಳುವುದಿಷ್ಟು: ಯಾವ ಕೆಲಸಕ್ಕೂ ಎರಡು ಮಿತಿಗಳಿವೆ. ಒಂದು, ಯಂತ್ರ ಗರಿಷ್ಠ ಎಷ್ಟು ಲೆಕ್ಕ ಮಾಡಬಲ್ಲದು. ಇನ್ನೊಂದು, ಮೆಮೊರಿ ಎಷ್ಟು ಬೇಗ ದತ್ತಾಂಶ ಉಣಿಸಬಲ್ಲದು, ಮತ್ತು ಬಂದ ಒಂದೊಂದು ಬೈಟ್‌ನ ಮೇಲೆ ನಿಮ್ಮ ಪ್ರೋಗ್ರಾಂ ಎಷ್ಟು ಲೆಕ್ಕ ಮಾಡುತ್ತದೆ. ಈ ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಸೂರು. ಅದರ ಮೇಲಿರುವ ಟೆರಾಫ್ಲಾಪ್ ಪಟ್ಟಿಯಲ್ಲಿ ಇರುತ್ತದೆ, ಪರದೆಯ ಮೇಲೆ ಬರುವುದಿಲ್ಲ.

2080 ಟಿಐ ಮೆಮೊರಿ 352 ಬಿಟ್ ಅಗಲದ ದಾರಿಯಲ್ಲಿ ಸೆಕೆಂಡಿಗೆ 616 ಗಿಗಾಬೈಟ್ ಉಣಿಸುತ್ತದೆ. 3070ಗೆ 256 ಬಿಟ್, 448 ಗಿಗಾಬೈಟ್. ಹಾಗಾಗಿ ಹಳೆಯ ಕಾರ್ಡ್‌ನ ಕೋರ್‌ಗಳು ಬಿಡುವಿಲ್ಲದೆ ದುಡಿಯಬೇಕಾದರೆ ಪ್ರತಿ ಬೈಟ್‌ಗೆ ಸುಮಾರು 22 ಲೆಕ್ಕ ಸಿಗಬೇಕು, ಹೊಸದಕ್ಕೆ 45. ಕಾವಲಿ ದೊಡ್ಡದು ಮಾಡಿಸಿ, ಹಿಟ್ಟು ಹೊಯ್ಯುವ ಸೌಟು ಚಿಕ್ಕದು ತಂದಂತೆ. ಕ್ಯಾಶ್ ಸ್ವಲ್ಪ ಕಾಪಾಡುತ್ತದೆ, ನಿಜ. ಎಎಮ್‌ಡಿ 2020ರಲ್ಲೇ ಆರ್‌ಎಕ್ಸ್ 6800ರಲ್ಲಿ 128 ಮೆಗಾಬೈಟ್ ಇನ್ಫಿನಿಟಿ ಕ್ಯಾಶ್ ತುಂಬಿ ಈ ಲೆಕ್ಕವನ್ನೇ ತಿರುವುಮುರುವು ಮಾಡಿತು. 3070ಯಲ್ಲಿರುವ ಎಲ್2 ಕ್ಯಾಶ್ ನಾಲ್ಕೇ ಮೆಗಾಬೈಟ್.

ಇನ್ನು ಕೋಷ್ಟಕದಲ್ಲಿ ಪಿಕ್ಸೆಲ್ ದರ, ಟೆಕ್ಸೆಲ್ ದರ ಎಂದು ಎರಡು ಸಾಲು ಇರುತ್ತವಲ್ಲ. ಮೊದಲನೆಯದರಲ್ಲಿ 3070 ಗೆಲ್ಲುತ್ತದೆ (ಸೆಕೆಂಡಿಗೆ 166 ಗಿಗಾಪಿಕ್ಸೆಲ್, ಎದುರಿಗೆ 136). ಎರಡನೆಯದರಲ್ಲಿ 2080 ಟಿಐ (420 ಗಿಗಾಟೆಕ್ಸೆಲ್, ಎದುರಿಗೆ 317). ಒಂದೇ ಕೋಷ್ಟಕ, ಮೂರು ತೀರ್ಪು. ಬೇಕಾದ್ದನ್ನು ಆರಿಸಿಕೊಂಡು ವಾದಿಸಬಹುದು, ಪಂಥದವರು ಮಾಡುವುದೂ ಅದನ್ನೇ.

ನನ್ನನ್ನು ಕೇಳಿದರೆ ಈ ಕೋಷ್ಟಕವನ್ನು ಸರಿಯಾಗಿ ಓದಿದವರು ವಿಮರ್ಶಕರೂ ಅಲ್ಲ, ಗೇಮರ್‌ಗಳೂ ಅಲ್ಲ, ಎಲ್ಲರೂ ಶಪಿಸಿದ ಕ್ರಿಪ್ಟೊ ಮೈನರ್‌ಗಳು. ಇಥೀರಿಯಂನ ಇಥ್ಯಾಶ್ ವಿಧಾನವನ್ನು ಬೇಕೆಂದೇ ಮೆಮೊರಿಗೆ ಕಟ್ಟಿಹಾಕಲಾಗಿತ್ತು. ಒಂದು ಹ್ಯಾಶ್‌ಗೆ 64 ಸಲ, ಸಲಕ್ಕೆ 128 ಬೈಟ್ ಓದಬೇಕು, ಒಟ್ಟು 8192 ಬೈಟ್. 448 ಗಿಗಾಬೈಟನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಐದೂವರೆ ಕೋಟಿಯಷ್ಟು ಹ್ಯಾಶ್. ಅವರ ಭಾಷೆಯಲ್ಲಿ ಸುಮಾರು 55 ಮೆಗಾಹ್ಯಾಶ್. ಪೆಟ್ಟಿಗೆಯಿಂದ ತೆಗೆದ 3070 ಅದಕ್ಕೆ ತುಸು ಕೆಳಗೆ ನಿಲ್ಲುತ್ತಿತ್ತು. ಆಗ ಅವರು ಮಾಡಿದ್ದೇನು? ಕೋರ್ ಕ್ಲಾಕ್ ಇಳಿಸಿದರು, ಮೆಮೊರಿ ಕ್ಲಾಕ್ ಏರಿಸಿದರು, 220 ವ್ಯಾಟ್‌ನ ಕಾರ್ಡನ್ನು ಅದರ ಅರ್ಧದ ಆಸುಪಾಸಿನಲ್ಲಿ ಓಡಿಸಿ 60 ದಾಟಿದರು. ಇಪ್ಪತ್ತು ಟೆರಾಫ್ಲಾಪ್‌ನ ದೊಡ್ಡ ಪಾಲನ್ನು ಕೈಯಾರೆ ಆರಿಸಿದರೂ ಸಂಪಾದನೆ ಹೆಚ್ಚಿತು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಮೈನಿಂಗ್ ನಿಂತಿತು, ಆ ಕಾರ್ಡ್‌ಗಳೆಲ್ಲ ಸೆಕೆಂಡ್ ಹ್ಯಾಂಡ್ ಆಗಿ ಸಂತೆಗೆ ಬಂದವು.

ಅದೇ ಭಾಗಾಕಾರ ಈಗ ಇನ್ನೊಬ್ಬರ ಕೈಗೆ ಬಂದಿದೆ. ಮನೆಯ ಕಂಪ್ಯೂಟರ್‌ನಲ್ಲೇ ಭಾಷಾ ಮಾದರಿ ಓಡಿಸುವವರು ಒಂದೊಂದು ಟೋಕನ್‌ಗೂ ಸಾಮಾನ್ಯವಾಗಿ ಇಡೀ ಮಾದರಿಯನ್ನು ಮೆಮೊರಿಯಿಂದ ಓದಿಸಬೇಕು. ಮಾದರಿ 5 ಗಿಗಾಬೈಟ್ ಇದ್ದರೆ 2080 ಟಿಐ ಮುಟ್ಟಬಲ್ಲ ಮೇಲ್ಮಿತಿ ಸೆಕೆಂಡಿಗೆ ಸುಮಾರು 123 ಟೋಕನ್, 3070ಗೆ 90. ಮಾದರಿ 9 ಗಿಗಾಬೈಟ್ ಆದರೆ 11 ಜಿಬಿಯ 2080 ಟಿಐ ಅದನ್ನು ಹೊರುತ್ತದೆ, 8 ಜಿಬಿಯ 3070ಯಲ್ಲಿ ಅದು ಪೂರ್ತಿ ಹಿಡಿಸುವುದೇ ಇಲ್ಲ. 2023ರಲ್ಲಿ 'ದಿ ಲಾಸ್ಟ್ ಆಫ್ ಅಸ್' ಪಿಸಿಗೆ ಬಂದಾಗ 8 ಜಿಬಿಯವರು ಪಟ್ಟ ಪಾಡನ್ನು ನೆನೆದರೆ, ಆಟದವರೂ ಮೆಮೊರಿ ಗಾತ್ರದ ಈ ಸಾಲನ್ನು ಬೇಗ ಓದಬೇಕಿತ್ತು.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಎರಡೂ ಕಾರ್ಡ್ ಒಂದೇ ಬೆಲೆಗೆ ಸಿಕ್ಕರೆ ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವವರು 3070 ಒಯ್ಯಲಿ. ಅಲ್ಲಿ ಫ್ಲೋಟ್ ಲೆಕ್ಕಕ್ಕೆ ಬರವಿಲ್ಲ, ಆ ಹೆಚ್ಚುವರಿ ಕೋರ್‌ಗಳಿಗೆ ನಿಜವಾಗಿ ಕೆಲಸವಿದೆ, 2080 ಟಿಐ ಸ್ಪಷ್ಟವಾಗಿ ಹಿಂದೆ ಬೀಳುತ್ತದೆ. ಉಳಿದವರಿಗೆ ನನ್ನ ಓಟು ಹಳೆಯದಕ್ಕೇ, ಫ್ಯಾನ್ ಸದ್ದು ಮಾಡುತ್ತದೆಯೇ ಎಂದು ಅಂಗಡಿಯಲ್ಲೇ ಓಡಿಸಿ ನೋಡಿ ಕೊಂಡರೆ.