ಬುಲ್‌ಫ್ರಾಗ್ ಆಟಗಳಲ್ಲಿ ಪರೋಕ್ಷ ಪ್ರಭುತ್ವ

ಪೀಟರ್ ಮೊಲಿನ್ಯೂ ಮತ್ತು ಲೆಸ್ ಎಡ್ಗರ್ ಎಂಬವರು 1987ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿ ಸ್ಥಾಪಿಸಿದ ಬುಲ್‌ಫ್ರಾಗ್ ಸಂಸ್ಥೆಯ ಗಣಕಯಂತ್ರದ ಆಟಗಳನ್ನು ‘ದೇವರಾಟ’ಗಳೆಂದು ಕರೆಯುವ ವಾಡಿಕೆಯುಂಟು. ಹೆಸರು ಆಕರ್ಷಕವೇನೋ ಹೌದು. ಆದರೆ ಅದು ಆಟಗಳ ಮರ್ಮವನ್ನು ಮರೆಮಾಡುತ್ತದೆ.

1989ರ ‘ಪಾಪ್ಯುಲಸ್’ನಲ್ಲಿ ಆಟಗಾರನು ದೇವತೆಯೇ ಸರಿ. ಆದರೂ ಭಕ್ತರಲ್ಲಿ ಒಬ್ಬೊಬ್ಬನನ್ನೂ ಕೈಹಿಡಿದು ನಡೆಸಲಾರನು. ನೆಲವನ್ನು ಎತ್ತರಿಸುವುದು, ತಗ್ಗಿಸುವುದು ಅವನ ಮುಖ್ಯ ಕಾರ್ಯ. ನೆಲ ಸಮವಾದರೆ ಜನ ತಾವಾಗಿಯೇ ಮನೆ ಕಟ್ಟುತ್ತಾರೆ. ಜನ ಹೆಚ್ಚಿದಂತೆ ದೇವತೆಯ ಶಕ್ತಿ ಹೆಚ್ಚುತ್ತದೆ. ಆ ಶಕ್ತಿಯಿಂದ ಎದುರಾಳಿಯ ಜನರ ಮೇಲೆ ಭೂಕಂಪವನ್ನು ತರಬಹುದು. ಭಕ್ತಿಯೆಂಬುದು ಇಲ್ಲಿ ಬರಿಯ ಇಂಧನ.

ಈ ತತ್ತ್ವದ ಪರಿಪಾಕವನ್ನು ಕಾಣಬೇಕಾದುದು, ನನ್ನ ಮಟ್ಟಿಗೆ, ದೇವರೇ ಇಲ್ಲದ ‘ಥೀಮ್ ಪಾರ್ಕ್’ನಲ್ಲಿ (1994). ವಿನೋದವನದ ಒಡೆಯನಾದ ಆಟಗಾರನು ಕರಿದ ಆಲೂಗಡ್ಡೆಗೆ ಉಪ್ಪು ಹೆಚ್ಚಿಸಿದರೆ ಬಂದವರಿಗೆ ಬಾಯಾರಿ ಪಾನೀಯದ ಮಾರಾಟ ಏರುತ್ತದೆ. ಬಲಾತ್ಕಾರವೆಲ್ಲಿಯೂ ಇಲ್ಲ, ಎಲ್ಲರೂ ತಮ್ಮಿಚ್ಛೆಯಿಂದಲೇ ಕೊಳ್ಳುತ್ತಾರೆ. ಮಕ್ಕಳಾಟದಂತೆ ತೋರುವ ಈ ಉಪ್ಪು ಪಾಪ್ಯುಲಸ್ಸಿನ ಭೂಕಂಪಕ್ಕಿಂತ ಭಯಂಕರವಾದುದು.

1995ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯು ಬುಲ್‌ಫ್ರಾಗನ್ನು ಕೊಂಡಿತು. ತರುವಾಯ ಬಂದ ‘ಡಂಜನ್ ಕೀಪರ್’ನಲ್ಲಿ (1997) ಆಟಗಾರನೇ ಖಳ, ತೆರೆಯ ಮೇಲಿನ ಕೈಯಿಂದ ಸೇವಕರಿಗೆ ಪೆಟ್ಟು ಕೊಟ್ಟರೆ ಕೆಲಸ ಚುರುಕಾಗುತ್ತದೆ, ಅವರ ಆಯುಸ್ಸು ತಗ್ಗುತ್ತದೆ. ಇದನ್ನು ಪ್ರಾಮಾಣಿಕತೆಯೆಂದು ಮೆಚ್ಚುವವರಿರಬಹುದು. ಆದರೆ ಖಳತನವನ್ನು ಮೊದಲೇ ಒಪ್ಪಿಕೊಂಡವನಿಗೆ ಪೆಟ್ಟು ಕೊಡುವಾಗ ಅಳುಕೆಲ್ಲಿಯದು? ಉಪ್ಪು ಹಾಕುವಾಗಿನ ಕಸಿವಿಸಿ ಇಲ್ಲಿ ನಗೆಯಲ್ಲಿ ಕರಗಿಹೋಗಿದೆ. ಅದೇ ವರ್ಷ ಮೊಲಿನ್ಯೂ ಸಂಸ್ಥೆಯನ್ನು ತೊರೆದರು. 2001ರಲ್ಲಿ ಅದು ಮುಚ್ಚಿತು.