ಕವಚ ಕಂಬಕ್ಕೆ, ಲೆಕ್ಕ ಕಟ್ಟಡಕ್ಕೆ

ಬಿರುಕು ಬಿಟ್ಟ ಕಂಬದ ಸುತ್ತ ಹೊಸ ಸರಳು, ರಿಂಗು ಕಟ್ಟಿ ಕಾಂಕ್ರೀಟ್ ಸುರಿದರೆ ಅದು ಗಟ್ಟಿಯಾಯಿತೆಂದು ನಂಬುವುದು ಸುಲಭ. ದಪ್ಪವಾದದ್ದು ಕಣ್ಣಿಗೇ ಕಾಣುತ್ತದಲ್ಲ. ಹೀಗೆ ಕವಚ ತೊಡಿಸುವ ಜಾಕೆಟಿಂಗ್ ಒಳ್ಳೆಯ ವಿದ್ಯೆಯೇ. ಆದರೆ ಅದನ್ನು ಬರೀ ಕಂಬದ ರಿಪೇರಿ ಎಂದುಕೊಂಡರೆ ಕೆಲಸ ಕೆಡುತ್ತದೆ. 300 ಮಿ.ಮೀ. ಚೌಕದ ಕಂಬವೊಂದಿದೆ ಎನ್ನಿ. ಸ್ಥಳದಲ್ಲೇ ಸುರಿಯುವ ಕವಚ ಕನಿಷ್ಠ 100 ಮಿ.ಮೀ. ದಪ್ಪವಿರಬೇಕೆನ್ನುತ್ತದೆ 2013ರ ಭಾರತೀಯ ಮಾನದಂಡ ಐಎಸ್ 15988. ನಾಲ್ಕೂ ಬದಿಗೆ ಅಷ್ಟು ಸೇರಿದರೆ ಕಂಬ 500 ಮಿ.ಮೀ. ಚೌಕವಾಗುತ್ತದೆ. ವಿಸ್ತೀರ್ಣ ಸುಮಾರು 2.8 ಪಟ್ಟು, ಹಳೆಯದೂ ಹೊಸದೂ ಒಂದೇ ಮೈಯಾಗಿ ನಿಂತರೆ ಬಾಗದೆ ತಡೆಯುವ ಬಿಗುವು ಸುಮಾರು 7.7 ಪಟ್ಟು. ಭೂಕಂಪದ ಹೊರೆ ಬಿಗುವಿದ್ದ ಕಡೆಗೇ ಹೆಚ್ಚು ಹರಿಯುತ್ತದೆ. ಹಾಗಾಗಿ ಮೂಲೆಯ ಒಂದೇ ಕಂಬವನ್ನು ದಪ್ಪ ಮಾಡಿದರೆ ಇಡೀ ಕಟ್ಟಡ ತಿರುಚಿಕೊಳ್ಳುವ ಅಪಾಯವಿದೆ.

2001ರ ಜನವರಿ 26ರಂದು ಭೂಕಂಪಕ್ಕೆ ಗುಜರಾತಿನ ಭುಜ್ ನಡುಗಿದಾಗ, 200 ಕಿ.ಮೀ.ಗೂ ಆಚೆಯ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಅವುಗಳಲ್ಲಿ ಅನೇಕವುಗಳ ನೆಲಮಹಡಿಯನ್ನು ವಾಹನಗಳಿಗೆಂದು ಗೋಡೆಯಿಲ್ಲದೆ ಬಿಡಲಾಗಿತ್ತು. ಆಮೇಲೆ ಅಲ್ಲಿ ಅಂಥ ಕಂಬಗಳಿಗೆ ಕವಚ ಹಾಕುವುದು ಹೆಚ್ಚಿತು. ದುರ್ಬಲ ಮಹಡಿಯನ್ನೇ ಹಿಡಿದದ್ದು ಸರಿ. ಆದರೆ ಇಂಥ ಕೆಲಸದಲ್ಲಿ ಹೊಸ ಸರಳು ಬೀಮಿನ ತಳಕ್ಕೇ ನಿಂತರೆ, ಬಾಗುವ ಒತ್ತಡ ಅತಿ ಹೆಚ್ಚಿರುವ ತುದಿಯಲ್ಲೇ ಅದು ನೆರವಿಗೆ ಬರುವುದಿಲ್ಲ. ಅದು ಸ್ಲ್ಯಾಬ್ ದಾಟಿ ಮೇಲೇರಬೇಕು, ಕೆಳಗೆ ಫುಟಿಂಗಿನಲ್ಲಿ ಬೇರೂರಬೇಕು. ಹೆಚ್ಚಿದ ಹೊರೆಯನ್ನು ಫುಟಿಂಗ್ ತಾಳುತ್ತದೆಯೇ ಎಂದೂ ನೋಡಬೇಕು. ಜಾಕ್ ಕೊಟ್ಟು ಭಾರ ಇಳಿಸದೆ ಸುರಿದರೆ, ಆಗಲೇ ಇರುವ ತೂಕದ ಬಹುಪಾಲು ಹಳೆಯ ಕಂಬದ ಮೇಲೇ ಉಳಿಯುತ್ತದೆ. ತುಕ್ಕು ಹಿಡಿದ ಸರಳನ್ನು ಉಜ್ಜಿ, ಕೆಟ್ಟ ಕಾಂಕ್ರೀಟನ್ನು ಕೆತ್ತಿ ತೆಗೆಯದಿದ್ದರೆ ಒಳಗಿನ ರೋಗ ಒಳಗೇ ಬೆಳೆಯುತ್ತದೆ.

ಇಷ್ಟು ಒಡೆದು ಕೆತ್ತುವ ಬದಲು ಕಾರ್ಬನ್ ನಾರಿನ ಹಾಳೆ ಸುತ್ತಿದರಾಗದೇ, ಜಾಗವೂ ಉಳಿಯುತ್ತದಲ್ಲ ಎಂಬ ಆಕ್ಷೇಪವಿದೆ. ರಿಂಗುಗಳಷ್ಟೇ ಸಾಲದಿದ್ದ ಕಂಬಕ್ಕೆ ಅದೇ ಮೇಲು. ಬಿಗುವು ಹೆಚ್ಚದಿರುವುದೂ ಅಲ್ಲಿ ಲಾಭ. ಆದರೆ ಅಡ್ಡಕ್ಕೆ ಸುತ್ತಿದ ನಾರು ಬಾಗುವಿಕೆಯನ್ನು ತಡೆಯುವ ಉದ್ದ ಸರಳಿನ ಕೆಲಸ ಮಾಡದು; ಚೌಕ ಕಂಬದಲ್ಲಿ ಅದರ ಹಿಡಿತ ದುಂಡು ಕಂಬದಲ್ಲಿದ್ದಷ್ಟು ಬಿಗಿಯಾಗಿರದು; ಅದರ ಅಂಟು ಬೆಂಕಿಯ ಬಿಸಿಗೆ ನಿಲ್ಲದು. ಸರಳು ಸವೆದು ಮೈ ಕರಗಿದ ಕಂಬಕ್ಕೆ ಕಾಂಕ್ರೀಟ್ ಕವಚವೇ ತಕ್ಕದ್ದು. ಒಂದೆರಡು ಕಂಬ ಕೆಟ್ಟರೆ ಇಡೀ ಕಟ್ಟಡದ ಲೆಕ್ಕವೇಕೆ, ಸುಮ್ಮನೆ ಖರ್ಚು ಎನ್ನುವವರಿಗೆ ಉತ್ತರ ಆ 7.7ರಲ್ಲೇ ಇದೆ. ಕಂಬವೊಂದಕ್ಕೆ ಇಷ್ಟು ಎಂದು ದರ ಹೇಳುವ ಗುತ್ತಿಗೆದಾರನಿಂದ ಮೊದಲು ಇಡೀ ಮಹಡಿಯ ನಕ್ಷೆ, ಫುಟಿಂಗಿನ ಲೆಕ್ಕ ಕೇಳಿ. ಅವೆರಡೂ ಇಲ್ಲದ ದರಪಟ್ಟಿ ಎಷ್ಟೇ ಅಗ್ಗವಾಗಿದ್ದರೂ ಒಪ್ಪತಕ್ಕದ್ದಲ್ಲ.